ಬಿಟ್ಟ ಮಾತಿಗೆ ಮೂರು ಚುಕ್ಕಿ

ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಕಡೆಯಲ್ಲೆಲ್ಲ ಆಕೆ ಚುಕ್ಕಿಯಮ್ಮ. ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿ, ನೆಲಮಹಡಿಯ ಉದ್ದನೆಯ ಕೋಣೆಯಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ತೆರೆದುಕೊಳ್ಳುವ ಒಂದೇ ಒಂದು ಕಿಟಕಿಯ ಪಕ್ಕ ಮೂವತ್ತೊಂದು ವರ್ಷದಿಂದ ಕೂತಿದ್ದಳು. ಪಿಎಚ್.ಡಿ. ಪ್ರಬಂಧ ಯಾರದ್ದೇ ಆಗಲಿ, ಪರೀಕ್ಷಕರ ಕೈ ಸೇರುವ ಮುಂಚೆ ಆ ಮೇಜು ದಾಟಬೇಕಿತ್ತು. ಬೇರೆಯವರ ಪುಸ್ತಕದಿಂದ ಎತ್ತಿಕೊಂಡ ಮಾತು ಮೂಲದಲ್ಲಿ ಇದ್ದ ಹಾಗೇ ಇದೆಯೇ, ಉದ್ಧರಣ ಚಿಹ್ನೆ ತೆರೆದವರು ಮುಚ್ಚಿದ್ದಾರೆಯೇ, ಪುಟಸಂಖ್ಯೆ ಸರಿಯೇ ಎಂದು ನೋಡುವುದು ಆಕೆಯ ಕೆಲಸ. ಸರಿಯಿದ್ದರೆ ‘ಮೂಲದಂತೆ ಇದೆ’ ಎಂಬ ಮೊಹರು ಬೀಳುತ್ತಿತ್ತು. ಇಲ್ಲದಿದ್ದರೆ ಹಸಿರು ಪೆನ್ಸಿಲ್.

ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಬೈದುಕೊಂಡು ಹೋದವರೇ ಹೆಚ್ಚು. ಆದರೆ ಕಲ್ಲು ಸಿಗುತ್ತಿತ್ತಲ್ಲ, ಅದಕ್ಕೇನು ಹೇಳುತ್ತೀರಿ? ಆಕೆ ಓದುವ ರೀತಿಯೇ ಬೇರೆ. ಉಲ್ಲೇಖವನ್ನು ಕೊನೆಯ ಪದದಿಂದ ಹಿಡಿದು ಮೊದಲ ಪದದವರೆಗೆ, ಹಿಮ್ಮುಖವಾಗಿ, ಒಂದೊಂದೇ ಪದಕ್ಕೆ ಮರದ ಸ್ಕೇಲು ಸರಿಸುತ್ತ ಓದುತ್ತಿದ್ದಳು. ಮುಂದಿನಿಂದ ಓದಿದರೆ ಅರ್ಥ ಕೈಹಿಡಿದು ಎಳೆದುಕೊಂಡು ಹೋಗುತ್ತದೆ, ಇಲ್ಲದ ಪದವೂ ಇದ್ದ ಹಾಗೆ ಕಾಣುತ್ತದೆ ಎನ್ನುವುದು ಆಕೆಯ ಅನುಭವ. ತಪ್ಪು ಸಿಕ್ಕಿದಲ್ಲಿ ಹಾಳೆಯ ಅಂಚಿನಲ್ಲಿ ಸುಮ್ಮನೆ ಗೆರೆ ಎಳೆದು ಬಿಡುತ್ತಿರಲಿಲ್ಲ, ಬುದ್ಧಿಯನ್ನೂ ಹೇಳುತ್ತಿದ್ದಳು. ‘ಮೂಲದಲ್ಲಿ ತಪ್ಪಿದ್ದರೆ ತಪ್ಪೂ ಹಾಗೇ ಬರಲಿ. ಅವರನ್ನು ತಿದ್ದಲು ನೀನು ಯಾರು?’ ‘ನಾಲ್ಕು ಪದ ಬದಲಾಯಿಸಿದ ಮಾತ್ರಕ್ಕೆ ಮಾತು ನಿನ್ನದಾಗುವುದಿಲ್ಲ. ಯಾರದು ಹೇಳು.’ ‘ಈ ಉಲ್ಲೇಖ ಸಾಕ್ಷಿ ಹೇಳಲು ಬಂದಿದೆಯೋ, ಸುಮ್ಮನೆ ನೆರಳಿಗೆ ನಿಂತಿದೆಯೋ?’ ಎಲ್ಲಕ್ಕಿಂತ ಹೆಚ್ಚು ಸಲ ಬರೆದದ್ದು, ಆಕೆಗೆ ಆ ಅಡ್ಡಹೆಸರು ತಂದದ್ದು, ಈ ಮಾತು: ‘ಮೂರು ಚುಕ್ಕಿ ಕಂಡಲ್ಲಿ ಮೊದಲು ನಿಲ್ಲು. ಅದು ಮುಚ್ಚಿದ ಬಾಗಿಲು. ತೆಗೆದು ನೋಡದೆ ಮುಂದೆ ಹೋಗಬೇಡ.’

ಉದ್ದನೆಯ ವಾಕ್ಯದಲ್ಲಿ ಬೇಡದ ನಾಲ್ಕು ಪದ ಬಿಟ್ಟು ಅಲ್ಲಿ ಮೂರು ಚುಕ್ಕಿ ಇಡುವುದು ಬರೆಯುವವರ ಪದ್ಧತಿ. ಬೇಡದ್ದು ಬಿಟ್ಟರೆ ತೊಂದರೆಯಿಲ್ಲ. ಬೇಕಾದದ್ದನ್ನೇ ಬಿಟ್ಟು ಅರ್ಥ ತಿರುಚುವವರೂ ಇದ್ದಾರಲ್ಲ, ಚುಕ್ಕಿಯಮ್ಮನ ಸಿಟ್ಟು ಅವರ ಮೇಲೆ. ಅಂಥವರನ್ನು ಆಕೆ ಕಳ್ಳರಿಗಿಂತ ಕಡೆ ಎನ್ನುತ್ತಿದ್ದಳು. ಕಳ್ಳ ವಸ್ತು ಒಯ್ಯುತ್ತಾನೆ, ಇವರು ಇನ್ನೊಬ್ಬರ ಬಾಯನ್ನೇ ಒಯ್ಯುತ್ತಾರೆ ಎಂದು.

ಆಕೆಗೂ ಒಂದು ಕಾಲದಲ್ಲಿ ಪಿಎಚ್.ಡಿ. ಮಾಡುವ ಆಸೆ ಇತ್ತು. ಹೆಸರು ನೋಂದಾಯಿಸಿ, ಒಂದು ಅಧ್ಯಾಯ ಬರೆದೂ ಬರೆದಳು. ಆಮೇಲೆ ಅದನ್ನು ತನ್ನ ಮೇಜಿನ ಮೇಲೇ ಇಟ್ಟುಕೊಂಡು, ಬೇರೆಯವರದನ್ನು ನೋಡುವ ಹಾಗೇ ನೋಡಿ, ನಲವತ್ತೆರಡು ಕಡೆ ಹಸಿರು ಗೆರೆ ಎಳೆದಳು. ನಾಚಿಕೆಯಾಗಿ ಕಪಾಟಿನೊಳಗಿಟ್ಟು ಬೀಗ ಹಾಕಿದಳು. ಬೀಗದ ಕೈ ಈಗ ಎಲ್ಲಿದೆಯೋ ಆಕೆಗೇ ಗೊತ್ತಿಲ್ಲ.

ಇಂಥ ಚುಕ್ಕಿಯಮ್ಮನಿಗೆ, ನಿವೃತ್ತಿಗೆ ಎಂಟು ತಿಂಗಳು ಉಳಿದಿರುವಾಗ, ಹೊಟ್ಟೆಕಿಚ್ಚು ಭುಗಿಲೆದ್ದಿತು. ಅದೂ ಯಾರ ಮೇಲೆ? ತಂಗಿಯ ಮಗಳ ಮೇಲೆ.

ಅಕ್ಕ ತಂಗಿ ಒಂದೇ ಮನೆಯಲ್ಲಿದ್ದರು. ಮದುವೆಯಾಗದ ಅಕ್ಕ ಮಹಡಿಯ ಮೇಲೆ, ಗಂಡ ತೀರಿಕೊಂಡ ತಂಗಿ ಮಗಳೊಂದಿಗೆ ಕೆಳಗೆ. ಆ ಹುಡುಗಿ ಬೆಳೆದದ್ದೇ ಸಂಶೋಧನಾ ವಿಭಾಗದ ಕಿಟಕಿಯ ಪಕ್ಕ. ಶಾಲೆ ಬಿಟ್ಟ ಕೂಡಲೇ ಬ್ಯಾಗು ಎಳೆದುಕೊಂಡು ಬರುತ್ತಿದ್ದಳು, ಮೇಜಿನ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಮೂಲ ಪುಸ್ತಕದಿಂದ ಒಂದೊಂದೇ ಪದವನ್ನು ಹಿಂದಿನಿಂದ ಓದಿ ಹೇಳುತ್ತಿದ್ದಳು. ದೊಡ್ಡಮ್ಮ ಸ್ಕೇಲು ಸರಿಸುತ್ತಿದ್ದಳು. ನಡುನಡುವೆ ಹುಡುಗಿ ತನ್ನ ನೋಟುಬುಕ್ಕಿನಲ್ಲಿ ಏನೋ ಗೀಚಿಕೊಳ್ಳುತ್ತಿದ್ದಳು. ಮನೆಪಾಠವಿರಬೇಕು ಎಂದು ದೊಡ್ಡಮ್ಮ ಸುಮ್ಮನಿದ್ದಳು.

ಹುಡುಗಿ ಬೆಳೆದಳು, ಓದಿದಳು, ಪಿಎಚ್.ಡಿ.ಯೂ ಆಯಿತು. ಎರಡು ವರ್ಷದ ಹಿಂದೆ ಅದೇ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿಯಾದಳು. ಕಲಿಸಬೇಕಾದ ವಿಷಯ ಸಂಶೋಧನಾ ಬರವಣಿಗೆ. ತರಗತಿ ನಡೆಯುವುದು ಮೊದಲ ಮಹಡಿಯಲ್ಲಿ, ಸರಿಯಾಗಿ ಚುಕ್ಕಿಯಮ್ಮನ ತಲೆಯ ಮೇಲೆ. ಅಲ್ಲಿ ನಗು ಎದ್ದರೆ ಇಲ್ಲಿ ಸೀಲಿಂಗ್ ಫ್ಯಾನು ಅಲ್ಲಾಡಿದ ಹಾಗಾಗುತ್ತಿತ್ತು. ಮೊದಲೆಲ್ಲ ಮಧ್ಯಾಹ್ನದ ಹೊತ್ತು ಬಾಗಿಲಲ್ಲಿ ಹಾಳೆ ಹಿಡಿದು ಐದಾರು ಮಂದಿ ನಿಲ್ಲುತ್ತಿದ್ದರು. “ಇಲ್ಲಿ ಚಿಹ್ನೆ ಒಂಟಿಯೋ ಜೋಡಿಯೋ ಅಮ್ಮಾ?” ಎಂದು ಕೇಳುತ್ತಿದ್ದರು. ಈಗ ಬಾಗಿಲು ಖಾಲಿ.

“ನಿಮ್ಮ ಹತ್ರ ಬರೋಕೆ ಹೆದರ್ತಾರೆ, ಮೇಡಂ ಹತ್ರ ಆದ್ರೆ ನಗ್ತಾ ಕಲೀಬಹುದಂತೆ,” ಎಂದ ಹೆಡ್ ಗುಮಾಸ್ತ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಾದೆ. ಹಿತ್ತಲ ಗಿಡದ ಎಲೆಯನ್ನೇ ಕಿತ್ತು ಶೀಷೆಗೆ ತುಂಬಿ ಮಾರಿದರೆ ಊರೆಲ್ಲ ಕ್ಯೂ ನಿಲ್ಲುತ್ತದೆ ಎನ್ನುವುದು ಚುಕ್ಕಿಯಮ್ಮ ಆ ವರ್ಷ ಕಲಿತ ಪಾಠ.

ಒಂದು ಸಂಜೆ ತಂಗಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ನಲವತ್ತು ಪುಟದ ಒಂದು ತೆಳ್ಳನೆಯ ಪುಸ್ತಿಕೆ, ಸಂಶೋಧನಾ ಬರವಣಿಗೆಯ ನಿಯಮಗಳದ್ದು.

“ಅಕ್ಕ, ನೋಡೇ! ನನ್ನ ಮಗಳ ಪುಸ್ತಕ. ಇಡೀ ಯೂನಿವರ್ಸಿಟಿಗೆ ಇದನ್ನೇ ಕೊಡ್ತಾರಂತೆ. ಬರೋ ವಾರದ ಶುಕ್ರವಾರ ಮೀಟಿಂಗಲ್ಲಿ ಕೆಲಸ ಖಾಯಂ ಆಗೋಕೂ ಇದೇ ಮುಖ್ಯವಂತೆ.”

“ಒಳ್ಳೇದಾಯ್ತು,” ಎಂದಳು ಚುಕ್ಕಿಯಮ್ಮ.

“ನೀನೂ ಓದಿಕೊಂಡಿದ್ರೆ ಎಲ್ಲೋ ಇರ್ತಿದ್ದೆ ಬಿಡು.”

ತಂಗಿ ಪ್ರೀತಿಯಿಂದಲೇ ಆಡಿದ ಮಾತು. ಅದೇ ಹೆಚ್ಚು ಉರಿಯಿತು. ತಂಗಿ ಇಳಿದು ಹೋದ ಮೇಲೆ ಚುಕ್ಕಿಯಮ್ಮ ಪುಸ್ತಿಕೆ ಬಿಡಿಸಿದಳು. ಮೊದಲ ಪುಟದಿಂದ ಕೊನೆಯವರೆಗೆ ತನ್ನದೇ ಮಾತು. ಮುಚ್ಚಿದ ಬಾಗಿಲು ಇತ್ತು, ಸಾಕ್ಷಿ ಇತ್ತು, ನೆರಳು ಇತ್ತು. ಮೂವತ್ತು ವರ್ಷ ಬೇರೆಯವರ ಹಾಳೆಯ ಅಂಚಿನಲ್ಲಿ ಬಾಗಿ ಬಾಗಿ ಬರೆದದ್ದೆಲ್ಲ ಈಗ ಹಾಳೆಯ ನಡುವೆ ದಪ್ಪಕ್ಷರದಲ್ಲಿ ನೆಟ್ಟಗೆ ನಿಂತಿತ್ತು. ಕೊನೆಯಲ್ಲಿದ್ದ ಟಿಪ್ಪಣಿಯ ಪುಟಗಳು ಮಾತ್ರ ಚೊಕ್ಕವಾಗಿದ್ದವು. ಇರದೇ ಏನು? ಹೋದ ವರ್ಷ ಅಚ್ಚಿಗೆ ಹೋಗುವ ಮುಂಚೆ ಆ ನಾಲ್ಕು ಪುಟ ಮಾತ್ರ ತನ್ನ ಮೇಜಿಗೆ ಬಂದಿತ್ತು, ಬಾಯಿಮಾತಿನ ಮೂಲಗಳನ್ನೆಲ್ಲ ವಿಭಾಗದ ನಿಯಮದಂತೆ ಹೊಡೆದುಹಾಕಿ ಸ್ವಚ್ಛ ಮಾಡಿ ಕಳಿಸಿದ್ದು ತಾನೇ.

ಮುನ್ನುಡಿಯಲ್ಲಿ ಒಂದು ವಾಕ್ಯ ಹೀಗಿತ್ತು: ‘ಈ ಪುಸ್ತಿಕೆಯ ನಿಯಮಗಳನ್ನು ನಾನು, ನಮ್ಮ ಸಂಶೋಧನಾ ವಿಭಾಗದ ಹಸಿರು ಪೆನ್ಸಿಲ್ ಮೂವತ್ತು ವರ್ಷ ಹಾಳೆಯಂಚಿನಲ್ಲಿ ಬರೆದಿಟ್ಟದ್ದನ್ನು ನೋಡಿ ಕಲಿತು, ಒಂದೊಂದಾಗಿ ರೂಪಿಸಿದ್ದೇನೆ.’

ಅದನ್ನು ಓದಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪೆನ್ಸಿಲ್ಲಂತೆ ಪೆನ್ಸಿಲ್! ಪೆನ್ಸಿಲ್ಲಿಗೆ ಕೈ ಇರಲಿಲ್ಲವೇ? ಕೈಗೊಂದು ಹೆಸರಿರಲಿಲ್ಲವೇ? ಗುರುವಿಗೇ ತಿರುಮಂತ್ರ ಹಾಕುವುದೆಂದರೆ ಇದೇ. ಯಾರ ಮಾತನ್ನೂ ಹೆಸರಿಲ್ಲದೆ ಎತ್ತಿಕೊಳ್ಳಬೇಡಿ ಎಂದು ಊರಿಗೆಲ್ಲ ಬೋಧಿಸುವವಳು, ಮಾತು ಎತ್ತಿಕೊಂಡದ್ದು ಮಾತ್ರ ಒಂದು ಪೆನ್ಸಿಲ್ಲಿನಿಂದ. ಆ ವಾರವೆಲ್ಲ ಚುಕ್ಕಿಯಮ್ಮ, ತಲೆಯ ಮೇಲೆ ನಗು ಎದ್ದಾಗಲೆಲ್ಲ, ಇದು ನಾನು ಹೇಳಿದ ಯಾವ ಮಾತಿಗೆ ಬಿದ್ದ ನಗು ಎಂದು ಲೆಕ್ಕ ಹಾಕುತ್ತಿದ್ದಳು. ತಾನು ಅದೇ ಮಾತು ಹೇಳಿದಾಗ ಯಾರೂ ನಕ್ಕಿರಲಿಲ್ಲ ಎನ್ನುವುದು ಇನ್ನೊಂದು ಸಂಕಟ.

ಸೋಮವಾರ ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಆಕೆ ಕಂಪ್ಯೂಟರಿನ ಮುಂದೆ ಕೂತು ನಿರ್ದೇಶಕರಿಗೆ ಒಂದು ಪತ್ರ ಟೈಪು ಮಾಡಿದಳು. ಕೆಲಸ ಖಾಯಂ ಆಗಲಿರುವ ಈ ಅಧ್ಯಾಪಕಿ ಪರರ ಶ್ರಮವನ್ನು ತನ್ನದೆಂದು ಸಾರಿದ್ದಾರೆ, ಇದಕ್ಕೆ ಅವರ ಮಾತೇ ಸಾಕ್ಷಿ ಎಂದು ಬರೆದು, ಸಾಕ್ಷಿಯನ್ನು ಕೆಳಗೆ ಕೊಟ್ಟಳು:

‘ಈ ಪುಸ್ತಿಕೆಯ ನಿಯಮಗಳನ್ನು ನಾನು ... ಒಂದೊಂದಾಗಿ ರೂಪಿಸಿದ್ದೇನೆ.’

ಬೆರಳು ಒಂದು ಕ್ಷಣವೂ ತಡೆಯಲಿಲ್ಲ. ಮೂರು ಚುಕ್ಕಿ, ಎರಡೂ ಕಡೆ ಒಂದೊಂದು ಜಾಗ ಬಿಟ್ಟು, ಅಚ್ಚುಕಟ್ಟಾಗಿ ಬಿದ್ದವು. ಕೊನೆಯಲ್ಲಿ ಸಹಿಯ ಜಾಗದಲ್ಲಿ ‘ಒಬ್ಬ ಹಿತೈಷಿ’ ಎಂದು ಹಾಕಿ, ಲಕೋಟೆ ಅಂಟಿಸಿ, ನಿರ್ದೇಶಕರ ಕೋಣೆಯ ಹೊರಗಿನ ಪೆಟ್ಟಿಗೆಯಲ್ಲಿ ಹಾಕಿ ಬಂದಳು. ಮೂರು ದಿನ ಚೆನ್ನಾಗಿ ಊಟ ಸೇರಿತು.

ಗುರುವಾರ ಬೆಳಿಗ್ಗೆ ಹೆಡ್ ಗುಮಾಸ್ತ ಒಂದು ಕಡತ ತಂದು ಮೇಜಿನ ಮೇಲಿಟ್ಟ. ಮುಖದ ತುಂಬ ನಗು.

“ಅಮ್ಮಾ, ಮೂವತ್ತು ವರ್ಷದಲ್ಲಿ ಎಷ್ಟೋ ಮೂಗರ್ಜಿ ನೋಡಿದೀನಿ. ಅಡಿಟಿಪ್ಪಣಿ ಇರೋ ಮೂಗರ್ಜಿ ಇದೇ ಮೊದಲು!”

ಚುಕ್ಕಿಯಮ್ಮ ಬಗ್ಗಿ ನೋಡಿದಳು. ಹೌದು. ತನ್ನದೇ ಪತ್ರ. ಉಲ್ಲೇಖದ ಕೊನೆಗೆ ಪುಟ್ಟ ‘೧’, ಹಾಳೆಯ ಬುಡದಲ್ಲಿ ಗೆರೆ, ಗೆರೆಯ ಕೆಳಗೆ ಪುಸ್ತಿಕೆಯ ಹೆಸರು, ಮೊದಲ ಮುದ್ರಣ, ಮುನ್ನುಡಿ, ಪುಟ ಮೂರು. ಹೆಸರು ಮರೆಮಾಚಿ ಬರೆದ ಪತ್ರಕ್ಕೂ ಮೂಲ ಕೊಡದೆ ಇರಲು ಆ ಕೈಗೆ ಬಂದಿರಲಿಲ್ಲ.

“ಯಾರೋ ಓದಿಕೊಂಡವರೇ ಬರೆದಿರ್ಬೇಕು,” ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅಲ್ಲೇ ಇದ್ದ ಕೀಬೋರ್ಡಿನ ಮೇಲೆ ಒಂದು ಬಟ್ಟೆ ಎಳೆದಳು.

“ನಾಳೆ ಹನ್ನೊಂದಕ್ಕೆ ಮೀಟಿಂಗು. ಮೂಲಕ್ಕೆ ಹೋಲಿಸಿ ಇವತ್ತು ನಾಲ್ಕಕ್ಕೆ ವರದಿ ಬೇಕಂತೆ. ಸಂಬಂಧಿಕರು ನೋಡೋದು ಬೇಡ ಅಂತ ಸಾಹೇಬ್ರು ಅಂದ್ರು. ಮೇಡಂ ಅವರೇ ಕೇಳ್ಕೊಂಡ್ರು, ದೊಡ್ಡಮ್ಮನೇ ನೋಡ್ಲಿ, ಅವರು ನೋಡಿದ್ಮೇಲೆ ನಂದೇನೂ ತಕರಾರಿಲ್ಲ ಅಂತ.”

“ಅವಳು ಪತ್ರ ನೋಡಿದ್ಳಾ?”

“ನೋಡಿದ್ರು. ಆ ಅಡಿಟಿಪ್ಪಣೀನ ಬಹಳ ಹೊತ್ತು ನೋಡಿದ್ರು,” ಎಂದು ಹೆಡ್ ಗುಮಾಸ್ತ ಹೊರಟುಹೋದ. ಅವನು ನಗುತ್ತಿದ್ದನೋ ಇಲ್ಲವೋ ಚುಕ್ಕಿಯಮ್ಮ ತಲೆ ಎತ್ತಿ ನೋಡಲಿಲ್ಲ.

ಗೊತ್ತಾಗಿದೆ. ಗೊತ್ತಾಗಿಯೂ ನನ್ನ ಮೇಜಿಗೇ ಕಳಿಸಿದ್ದಾಳೆ. ಇದು ದೊಡ್ಡತನವೋ ಸೊಕ್ಕೋ? ಚುಕ್ಕಿಯಮ್ಮನಿಗೆ ಸೊಕ್ಕೆಂದೇ ಅನ್ನಿಸಿತು. ಮೇಲಿನಿಂದ ಮತ್ತೆ ನಗು ಕೇಳಿಸಿತು. ಆಕೆ ಮೊಹರನ್ನು ಎತ್ತಿಕೊಂಡು ಇಂಕ್ ಪ್ಯಾಡಿಗೆ ಒತ್ತಿದಳು. ‘ಮೂಲದಂತೆ ಇದೆ’ ಎಂದು ಒಂದು ಏಟು ಹಾಕಿದರೆ ಮುಗಿಯಿತು. ಸುಳ್ಳೇನು ಅದರಲ್ಲಿ? ಇರುವ ಪದಗಳೆಲ್ಲ ಮೂಲದಲ್ಲಿದ್ದವೇ. ಹುಡುಗಿಯ ಕೆಲಸ ನಾಳೆ ತೂಗುಯ್ಯಾಲೆಗೆ ಬೀಳುತ್ತದೆ, ಬೀಳಲಿ. ಮೂವತ್ತೊಂದು ವರ್ಷ ಈ ಕೋಣೆಯಲ್ಲಿ ನಾನು ಕೂತಿಲ್ಲವೇ?

ಮೊಹರು ಒತ್ತುವ ಮುಂಚೆ ಸ್ಕೇಲು ಇಡುವುದು ರೂಢಿ. ಕೈ ತಾನಾಗಿಯೇ ಸ್ಕೇಲು ಇಟ್ಟಿತು, ಕಣ್ಣು ತಾನಾಗಿಯೇ ಕೊನೆಯ ಪದಕ್ಕೆ ಹೋಯಿತು. ರೂಪಿಸಿದ್ದೇನೆ. ಒಂದೊಂದಾಗಿ. ಆಮೇಲೆ ಮೂರು ಚುಕ್ಕಿ.

ಅಲ್ಲಿ ಸ್ಕೇಲು ನಿಂತಿತು. ಸಾವಿರಾರು ಪ್ರಬಂಧಗಳಲ್ಲಿ ಆ ಜಾಗದಲ್ಲಿ ನಿಂತ ಸ್ಕೇಲು ಇವತ್ತು ಮಾತ್ರ ದಾಟಿಕೊಂಡು ಹೋಗು ಎಂದರೆ ಹೋಗುತ್ತದೆಯೇ? ಚುಕ್ಕಿಯಮ್ಮ ಮೊಹರನ್ನು ಮಗುಚಿಟ್ಟು, ಮೂಲಕ್ಕಾಗಿ ಕಡತ ಬಿಡಿಸಿದಳು.

ಪುಸ್ತಿಕೆಯ ಕೆಳಗೆ ಅಚ್ಚಾಗುವ ಮುಂಚಿನ ಹಾಳೆಗಳೂ ಇದ್ದವು. ಹೋದ ವರ್ಷ ತಾನು ನೋಡಿಕೊಟ್ಟ ಟಿಪ್ಪಣಿಯ ನಾಲ್ಕು ಪುಟ. ಪುಟದ ತುಂಬ ತನ್ನದೇ ಹಸಿರು ಗೆರೆ. ಅಚ್ಚಾದ ಪುಸ್ತಕಗಳ ಪಟ್ಟಿ ಬಿಟ್ಟರೆ, ಒಂದರಿಂದ ಇಪ್ಪತ್ತೇಳರವರೆಗೆ ಇಪ್ಪತ್ತೇಳು ಟಿಪ್ಪಣಿ, ಎಲ್ಲವೂ ಒಂದೇ ನಮೂನೆ. ‘ಮೌಖಿಕ ಮೂಲ’, ಆಮೇಲೆ ಹೆಸರಿಗೆಂದು ಬಿಟ್ಟ ಖಾಲಿ ಜಾಗ, ಆಮೇಲೆ ತಾರೀಖು. ಇಪ್ಪತ್ತೇಳನ್ನೂ ಹೊಡೆದುಹಾಕಿ ಅಂಚಿನಲ್ಲಿ ಬರೆದಿದ್ದಳು: ‘ಅಚ್ಚಾದ ಮೂಲವಿಲ್ಲ. ತೆಗೆಯಿರಿ.’

ಆಗ ತಾರೀಖು ನೋಡಿರಲಿಲ್ಲ. ಈಗ ನೋಡಿದಳು. ಮೊದಲನೆಯದು ಹುಡುಗಿಗೆ ಒಂಬತ್ತು ವರ್ಷವಾಗಿದ್ದಾಗಿನದು. ಎರಡನೆಯದು ಅದರ ಮರುವಾರ. ನಾಲ್ಕನೆಯ ಟಿಪ್ಪಣಿ ಯಾವ ಮಾತಿಗೆ ಎಂದು ಪುಸ್ತಿಕೆಯ ನಾಲ್ಕನೆಯ ನಿಯಮ ತೆಗೆದು ನೋಡಿದಳು. ಮುಚ್ಚಿದ ಬಾಗಿಲಿನ ಮಾತಿಗೆ. ಗಿಡ್ಡ ಸ್ಟೂಲಿನ ಮೇಲೆ ಕೂತ ಮಗು ನೋಟುಬುಕ್ಕಿನಲ್ಲಿ ಗೀಚಿಕೊಂಡದ್ದು ಮನೆಪಾಠವಾಗಿರಲಿಲ್ಲ.

ಇನ್ನೊಂದೂ ನೆನಪಾಯಿತು. ಈ ಹಾಳೆಗಳು ಬಂದ ದಿನ ಹುಡುಗಿ ಮೇಜಿನ ಪಕ್ಕ ಬಂದು ನಿಂತಿದ್ದಳು. ಬಾಯಿಮಾತನ್ನು ಬರೆಯುವ ಮುಂಚೆ ಆಡಿದವರನ್ನು ಕೇಳಬೇಕು ಎಂದು ಕಲಿಸಿದವಳೂ ಚುಕ್ಕಿಯಮ್ಮನೇ. ಹುಡುಗಿ “ದೊಡ್ಡಮ್ಮ, ಆ ಹೆಸರಿನ ಜಾಗದಲ್ಲಿ…” ಎಂದು ಶುರುಮಾಡಿದ್ದಳು. ಆ ಹೊತ್ತಿಗಾಗಲೇ ಅವಳ ಹೊಸ ಕೆಲಸ, ಅವಳ ಬಾಗಿಲಿನ ನಾಮಫಲಕ ಕಣ್ಣಿಗೆ ಚುಚ್ಚುತ್ತಿತ್ತಲ್ಲ. ತಲೆಯನ್ನೂ ಎತ್ತದೆ ಗೆರೆ ಎಳೆಯುತ್ತ ಅಂದಿದ್ದಳು: “ನಿಯಮ ಅಂದ್ರೆ ನಿಯಮ. ಯಾರ ಬಾಯಿಂದ ಬಂದ್ರೆ ನಂಗೇನು?” ಇಪ್ಪತ್ತೇಳು ಗೆರೆಯನ್ನೂ ಖುಷಿಯಿಂದಲೇ ಎಳೆದಿದ್ದಳು. ಒಂದೊಂದು ಗೆರೆಯೂ ತನ್ನ ಹೆಸರಿನ ಮೇಲೇ ಬಿದ್ದಿತ್ತು.

ಚುಕ್ಕಿಯಮ್ಮನಿಗೆ ಅಳು ಬಂತು, ನಾಚಿಕೆಯೂ ಆಯಿತು. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಒಂಬತ್ತು ವರ್ಷದ ಮಗುವಿಗೆ ತಾರೀಖು ಹಾಕಿ ಬರೆದಿಟ್ಟುಕೊಳ್ಳುವ ಬುದ್ಧಿ ಇತ್ತು, ತನಗೆ ತನ್ನ ಮಾತನ್ನೇ ಬರೆದಿಟ್ಟುಕೊಳ್ಳುವ ಬುದ್ಧಿ ಇರಲಿಲ್ಲ ಎಂದು ಅದಕ್ಕೂ ಕರುಬಿದಳು.

ಆಮೇಲೆ ಹಸಿರು ಪೆನ್ಸಿಲ್ ತೆಗೆದು ಪತ್ರದ ಅಂಚಿನಲ್ಲಿ ಬರೆದಳು: ‘ಬಿಟ್ಟದ್ದೇ ಮುಖ್ಯವಾದದ್ದು. ಬಿಟ್ಟದ್ದರಿಂದ ಅರ್ಥ ಬುಡಮೇಲಾಗಿದೆ.’ ಅದರ ಕೆಳಗೆ ಮುನ್ನುಡಿಯ ವಾಕ್ಯವನ್ನು ಒಂದು ಪದ ಬಿಡದೆ ಪೂರ್ತಿ ಬರೆದಳು. ವರದಿಯ ನಮೂನೆಯಲ್ಲಿ ಇನ್ನೊಂದು ಸಾಲು ಉಳಿದಿತ್ತು. ‘ಪರಿಶೀಲಿಸಿದ ಬರಹ ಯಾರದು?’ ಇದಕ್ಕೆ ಪೆನ್ಸಿಲ್ ನಡೆಯುವುದಿಲ್ಲ, ಶಾಯಿಯೇ ಬೇಕು. ಪಕ್ಕದ ಮೇಜಿನಿಂದ ಪೆನ್ನು ತಂದು, ವರದಿಯಲ್ಲೂ ಹಿತೈಷಿಯ ಪತ್ರದ ಕೆಳಗೂ ಹೆಸರು ಬರೆದು ತಾರೀಖು ಹಾಕಿದಳು. ಹಾಜರಿ ಪುಸ್ತಕದ ಹೊರಗೆ ಎಷ್ಟೋ ವರ್ಷದ ಮೇಲೆ ಆಕೆಯ ನಿಜವಾದ ಹೆಸರು ಬಿದ್ದದ್ದು ಅಲ್ಲಿ.

ನಿರ್ದೇಶಕರು ವರದಿ ಓದಿದರು, ಪತ್ರ ಓದಿದರು, ಕನ್ನಡಕ ತೆಗೆದರು.

“ಇದು ನೀವೇನಮ್ಮಾ?”

“ಮೂಲ ನೋಡಿದೆ ಸರ್. ನಾನೇ.”

“ಯಾಕೆ?”

“ಹೊಟ್ಟೆಕಿಚ್ಚು ಸರ್.”

ಅವರು ಕನ್ನಡಕ ಮತ್ತೆ ಹಾಕಿಕೊಂಡು, “ಮೊಹರು ಇಲ್ಲಿಟ್ಟು ಹೋಗಿ,” ಎಂದರು. ಆಕೆ ತಂದೇ ಬಂದಿದ್ದಳು. ಸೀರೆಯ ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟು ಹೊರಬಂದಳು.

ಶುಕ್ರವಾರ ಹುಡುಗಿಯ ಕೆಲಸ ಖಾಯಂ ಆಯಿತು. ಮೊಹರಿನ ಹೊಣೆಯನ್ನೂ ಸಭೆ ಅವಳಿಗೇ ವಹಿಸಿತು. ಮನೆಯಲ್ಲಿ ತಂಗಿ ಎರಡು ದಿನ ಮಹಡಿ ಹತ್ತಲಿಲ್ಲ, ಮೂರನೆಯ ದಿನ ಹತ್ತಿ ಬಂದು ಬಾಗಿಲಲ್ಲೇ ನಿಂತು “ಅಕ್ಕ, ನೀನಾ!” ಎಂದಷ್ಟೇ ಹೇಳಿ ಇಳಿದುಹೋದಳು. ಆ ಒಂದು ಮಾತು, ಅದಾಗಲೇ ಕೈಸೇರಿದ್ದ ನಿರ್ದೇಶಕರ ಎಚ್ಚರಿಕೆಯ ಮೆಮೋಗಿಂತ ಜೋರಾಗಿ ತಾಗಿತು.

ಸೋಮವಾರ ಮಧ್ಯಾಹ್ನ ಚುಕ್ಕಿಯಮ್ಮ ಮೊಹರಿಲ್ಲದ ಮೇಜಿನ ಮುಂದೆ ಕೂತಿದ್ದಾಗ ಹುಡುಗಿ ಬಂದಳು. ಒಂದು ಕೈಯಲ್ಲಿ ಮೊಹರು, ಇನ್ನೊಂದು ಕೈಯಲ್ಲಿ ಹಾಳೆಗಳು. ಮೂಲೆಯಲ್ಲಿದ್ದ ಗಿಡ್ಡ ಸ್ಟೂಲು ಎಳೆದುಕೊಂಡು, ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂತಳು.

“ಎರಡನೇ ಮುದ್ರಣ,” ಎಂದಳು. “ಬಾಯಿಮಾತಿನ ಮೂಲಾನೂ ಹಾಕ್ಬಹುದು ಅಂತ ಶುಕ್ರವಾರದ ಮೀಟಿಂಗಲ್ಲೇ ನಿಯಮ ತಿದ್ದಿಸಿದೀನಿ. ಇಪ್ಪತ್ತೇಳು ಕಡೆ ಜಾಗ ಖಾಲಿ ಇದೆ. ಆಡಿದವರನ್ನ ಕೇಳ್ಬೇಕಲ್ಲ, ಕೇಳೋಕೆ ಬಂದೆ.”

“ಅಂಥ ಪತ್ರ ಬರೆದವಳ ಹೆಸರನ್ನಾ?”

“ಪತ್ರಕ್ಕೆ ನಿನ್ನ ಹೆಸರು ಹಾಕ್ಕೊಂಡೆ. ಮಾತಿಗೆ ಹಾಕ್ಕೊಳ್ಳೋಕೇನು ಕಷ್ಟ?”

ಚುಕ್ಕಿಯಮ್ಮ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಪೆನ್ನಿನಿಂದ ಮೊದಲ ಖಾಲಿ ಜಾಗ ತುಂಬಿದಳು, ಎರಡನೆಯದು ತುಂಬಿದಳು. ಹುಡುಗಿ ನೋಡುತ್ತಿದ್ದಳು. ಹತ್ತನೆಯದಕ್ಕೆ ಬಂದಾಗ ಮೆಲ್ಲಗೆ ಕೇಳಿದಳು:

“ಹೊಟ್ಟೆಕಿಚ್ಚು ಈಗಲಾದ್ರೂ ಹೋಯ್ತಾ ದೊಡ್ಡಮ್ಮ?”

ಚುಕ್ಕಿಯಮ್ಮ ಪೆನ್ನು ನಿಲ್ಲಿಸಲಿಲ್ಲ.

“ಇದೆ ಕಣೇ,” ಎಂದಳು. “ಮೂಲದಂತೆ ಇದೆ.”

ಹನ್ನೊಂದನೆಯ ಜಾಗದಲ್ಲಿ ಹೆಸರು ಬರೆಯತೊಡಗಿದಳು.